ಏಳನೆಯ ಹೆಜ್ಜೆ

ನಮ್ಮ ಎದುರುಮನೆಯ ಸೊಸೆ ಪೀಣ್ಯದ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಯಾರ ಅಳತೆ ಎಷ್ಟು, ಯಾರಿಂದ ಎಷ್ಟು ಬಾಕಿ, ಎಲ್ಲವೂ ಅವಳ ಹಳೆಯ ಕಂಪ್ಯೂಟರಿನಲ್ಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ, ಅದು ಕೇಳುವ ಭದ್ರತಾ ಚಿಪ್ಪು ಆ ಯಂತ್ರದಲ್ಲಿಲ್ಲ. "ಮೇಡಂ, ಇದನ್ನ ಗುಜರಿಗೆ ಹಾಕ್ಬೇಕಾ?" ಎಂದು ಕೇಳಿದಳು.

ಗುಜರಿ ಯಾಕೆ, ಪುಕ್ಕಟೆ ಸಿಗುವ ಉಬುಂಟು ಇದೆಯಲ್ಲ! 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲೈನಕ್ಸೇ ಅದರ ತಿರುಳು. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಮಗ ನನ್ನ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟಿದ್ದ. ಪಕ್ಕದಲ್ಲಿ ಕೂತು ಕಲಿತಿದ್ದೆ. ಆ ಉತ್ಸಾಹದಲ್ಲಿ ಹನ್ನೊಂದು ಹೆಜ್ಜೆಗಳ ಕನ್ನಡ ಕೈಪಿಡಿ ಬರೆದುಕೊಟ್ಟೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಅದೇನು ಮಹಾ!

ಏಳನೆಯ ಹೆಜ್ಜೆ: ಡಿಸ್ಕ್ ಅಳಿಸಿ ಉಬುಂಟು ಹಾಕುವ ಆಯ್ಕೆಯನ್ನು ಒತ್ತಿ. ಹನ್ನೊಂದರ ಕೆಳಗೊಂದು ಸೂಚನೆ: ನಿಮ್ಮ ಕಡತಗಳನ್ನು ಮೊದಲೇ ಬೇರೆಡೆ ನಕಲು ಮಾಡಿಟ್ಟುಕೊಂಡಿರಬೇಕು.

ಅವಳು ನಾನು ಬರೆದ ಕ್ರಮದಲ್ಲೇ ಮಾಡಿದಳು. ಉಬುಂಟು ಚೆನ್ನಾಗಿಯೇ ಬಂತು. ಅಳತೆ, ಬಾಕಿ, ಸೀಮಂತದ ಫೋಟೊಗಳು ಹೋದವು.

"ತಪ್ಪು ನಂದೇ ಮೇಡಂ, ಕೊನೇವರ್ಗೂ ಓದ್ಲಿಲ್ಲ" ಎಂದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮಗ ಸಮಾಧಾನ ಹೇಳಿದ: "ಅಮ್ಮ, ಲೈನಕ್ಸಿನ ಪರವಾನಗಿಯಲ್ಲೇ ಯಾವ ಖಾತರಿಯೂ ಇಲ್ಲ ಅಂತ ಬರೆದಿದೆ. ಪುಕ್ಕಟೆ ಕೊಟ್ಟಿದ್ದಕ್ಕೆ ಹೊಣೆ ಎಲ್ಲಿಂದ ಬಂತು?" ಮುಖ ನೋಡದೆ ಲೋಕಕ್ಕೆಲ್ಲ ಕೊಡುವವರು ಹಾಗಲ್ಲದೆ ಇನ್ನು ಹೇಗೆ ಕೊಟ್ಟಾರು? ಅವರ ಮಟ್ಟಿಗೆ ಅದು ಸರಿ. ಆದರೆ ಎದುರುಮನೆಯವಳು ನಂಬಿದ್ದು ಪರವಾನಗಿಯನ್ನಲ್ಲ, ನನ್ನನ್ನು.

ಯೋಚಿಸಿದಾಗ ನನ್ನ ತಪ್ಪಿನ ಬೇರು ಸಿಕ್ಕಿತು. ನಾನು ಕಲಿತ ದಿನ ನನ್ನ ಕಡತಗಳನ್ನೆಲ್ಲ ಮಗ ಮೊದಲೇ ತೆಗೆದಿಟ್ಟಿದ್ದ. ನಾನು ಎದುರಿಸದ ಅಪಾಯ ನನ್ನ ಬರಹದಲ್ಲೂ ಕೊನೆಗೆ ಹೋಗಿ ಕೂತಿತ್ತು. ಅಡುಗೆ ಪುಸ್ತಕದ 'ಉಪ್ಪು ರುಚಿಗೆ ತಕ್ಕಷ್ಟು' ಬಲ್ಲವಳಿಗೆ ಸಾಕು. ಹೊಸಬಳು ಚಮಚ ಹಿಡಿದು ನಿಂತೇ ಇರುತ್ತಾಳೆ. ಹೊಸಬರು ಓದಿ ಮುಗಿಸಿ ಕೆಲಸಕ್ಕೆ ಇಳಿಯುವುದಿಲ್ಲ, ಕೆಲಸ ಮಾಡುತ್ತಲೇ ಓದುತ್ತಾರೆ. 'ಮೊದಲು ಪ್ರಶ್ನೆಪತ್ರಿಕೆ ಪೂರ್ತಿ ಓದಿ' ಎಂದು ವರ್ಷಾವರ್ಷ ಹೇಳಿದವಳು ನಾನು. ಎಷ್ಟು ಮಕ್ಕಳು ಓದಿದ್ದರು? ನಮ್ಮ ಮಾತು ನಂಬಿ ಕೈಯಿಡುವವರ ಮುಂದೆ, ನಿಜ ಹೇಳಿದರಷ್ಟೇ ಸಾಲದು; ಬೇಕಾದ ಹೊತ್ತಿಗೆ ಹೇಳಬೇಕು.

ಇಬ್ಬರೂ ಕೂತು ಗಿರಾಕಿಗಳಿಗೆಲ್ಲ ಫೋನ್ ಮಾಡಿದೆವು. ಹೆಚ್ಚಿನವರು ಬಾಕಿಯನ್ನು ತಾವಾಗಿಯೇ ಹೇಳಿದರು. ಅವಳ ತವರಿನವರ ಫೋನಿನಲ್ಲಿ ಕೆಲವು ಫೋಟೊಗಳೂ ಸಿಕ್ಕವು. ಎಲ್ಲವೂ ಅಲ್ಲ.

ಕೈಪಿಡಿಯನ್ನು ಮತ್ತೆ ಬರೆದಿದ್ದೇನೆ. ಮೊದಲ ಹೆಜ್ಜೆ: ಕಳೆದುಕೊಳ್ಳಬಾರದ್ದು ಏನೇನಿದೆ ಎಂದು ಕಾಗದದ ಮೇಲೆ ಪಟ್ಟಿ ಮಾಡಿ, ನಕಲು ಮಾಡಿ, ನಕಲು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿ. ಎರಡನೆಯದು: ಉಬುಂಟು ತುಂಬಿಸಲು ಬೇರೆಯೇ ಪೆನ್‌ಡ್ರೈವ್ ತನ್ನಿ, ತುಂಬಿಸುವಾಗ ಅದರಲ್ಲಿದ್ದುದೆಲ್ಲ ಅಳಿಯುತ್ತದೆ. ಮೂರನೆಯದು: ಏನನ್ನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಉಬುಂಟು ನಡೆಸಿ ನೋಡಿ. ಏಳನೆಯ ಹೆಜ್ಜೆಯಲ್ಲಿ ಈಗ ಇಷ್ಟೇ ಇದೆ: ಇಲ್ಲಿ ನಿಲ್ಲಿ. ಮೊದಲ ಹೆಜ್ಜೆ ಆಗಿಲ್ಲವಾದರೆ ಕಂಪ್ಯೂಟರ್ ಆಫ್ ಮಾಡಿ.

ಕರಡನ್ನು ಅವಳಿಂದಲೇ ಜೋರಾಗಿ ಓದಿಸಿದೆ. ಅವಳು ತಡವರಿಸಿದಲ್ಲೆಲ್ಲ ತಿದ್ದಿಕೊಂಡೆ. ಏಳಕ್ಕೆ ಬಂದಾಗ ಅವಳು ನನ್ನ ಮುಖ ನೋಡಿ ನಕ್ಕಳು. ನನಗೆ ಇನ್ನೂ ನಗಲಾಗಿಲ್ಲ.