ಓಡುವ ಆಸೆ ಯಾರದ್ದು?

ಡಿಸೆಂಬರ್ ಬಂತೆಂದರೆ ಆಫೀಸಿನಲ್ಲಿ ನನಗೆ ಎರಡು ಬೇಡಿಕೆ ಬರ್ತವೆ. ಒಂದು, ಊರಿಗೆ ಹೋದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಗೊಂಡು ಬಾ ಅನ್ನೋದು. ಇನ್ನೊಂದು, "ನಿಮ್ ಕಡೆ ಮುಧೋಳ ನಾಯಿ ಸಿಗುತ್ತಂತಲ್ಲ, ಒಂದು ಮರಿ ತಂದ್ಕೊಡೋ" ಅನ್ನೋದು. ಮೊದಲನೆಯದಕ್ಕೆ ನಾನು ಯಾವತ್ತೂ ಇಲ್ಲ ಅಂದಿಲ್ಲ. ಎರಡನೆಯದಕ್ಕೆ ಯಾವತ್ತೂ ಹೂಂ ಅಂದಿಲ್ಲ. ಯಾಕೆ ಅಂತ ಕೇಳಿದವರಿಗೆ ಕಾಫಿ ಮಷಿನ್ ಮುಂದೆ ನಿಂತು ಎರಡು ನಿಮಿಷದಲ್ಲಿ ಹೇಳೋಕೆ ಆಗೋದಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ನಮ್ಮ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಒಂದು ಸೈಬೀರಿಯನ್ ಹಸ್ಕಿ ಇದೆ. ನೀಲಿ ಕಣ್ಣು, ತೋಳದ ಮುಖ, ಎರಡು ಪದರದ ಕೂದಲು. ಸಾಕಿದವರು ಒಳ್ಳೆಯವರು. ಅದಕ್ಕಂತಲೇ ಒಂದು ರೂಮಿಗೆ ಎಸಿ ಹಾಕಿಸಿದ್ದಾರೆ, ಚಿಕನ್ ಬೇಯಿಸಿ ಹಾಕ್ತಾರೆ, ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ವಾಕಿಂಗ್ ಮಾಡಿಸ್ತಾರೆ. ಹೊಡೆಯೋದಿಲ್ಲ, ಬೈಯೋದಿಲ್ಲ. ಆದರೂ ಅದು ಮಧ್ಯಾಹ್ನವೆಲ್ಲ ಊಳಿಡುತ್ತೆ. ವಾಟ್ಸಾಪ್ ಗ್ರೂಪಿನಲ್ಲಿ ದೂರು ಬರುತ್ತೆ. ಕ್ರೌರ್ಯ ಅನ್ನೋಕೆ ಅಲ್ಲಿ ಏನೂ ಇಲ್ಲ. ಹಾಗಾದರೆ ಅಲ್ಲಿ ತಪ್ಪಿರೋದು ಏನು? ತಪ್ಪು ಇದೆಯಾ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ, ಊರಿಂದ ಬಂದದ್ದು. ನಾನು ರಾಮದುರ್ಗ ತಾಲ್ಲೂಕಿನ ಹಳ್ಳಿಯವನು. ನಮ್ಮಲ್ಲಿಂದ ಲೋಕಾಪುರದ ಮೇಲೆ ಹೋದರೆ ಮುಧೋಳ ದೂರವೇನಲ್ಲ. ನಮ್ಮ ಕಡೆ ಹಿಮ ಬೀಳಲ್ಲ ನಿಜ. ಆದರೆ ಎಳ್ಳ ಅಮಾವಾಸ್ಯೆ ಹೊತ್ತಿಗೆ ಎರೆಹೊಲದ ಮೇಲೆ ಬೀಸೋ ಥಂಡಿ ಗಾಳಿಗೆ ಕಂಬಳಿಯೂ ಸಾಲಲ್ಲ. ಬಿಳಿಜೋಳ ಎದೆಮಟ್ಟ ನಿಂತಿರುತ್ತೆ, ಕಡಲೆ ಹೂ ಬಿಟ್ಟಿರುತ್ತೆ, ಚರಗ ಚೆಲ್ಲೋಕೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗ್ತಾರೆ. ಬೆಳೆ ತೆಗೆದ ಹೊಲಗಳಲ್ಲಿ ಗೊಬ್ಬರಕ್ಕಂತ ರಾತ್ರಿ ಕುರಿ ನಿಲ್ಲಿಸ್ತಾರೆ, ಕುರಿ ಸುತ್ತ ನಾಯಿಗಳು ಕಾವಲಿರ್ತವೆ. ಬೇಸಿಗೆಯಲ್ಲಿ ನಾಲಿಗೆ ಚಾಚಿ ನೆರಳು ಹುಡುಕೋ ಅದೇ ನಾಯಿಗಳು ಆ ಥಂಡಿಯೊಳಗೆ ಬೇರೆಯೇ ಪ್ರಾಣಿಗಳಾಗ್ತವೆ. ನಸುಕಿನಲ್ಲಿ ಇಬ್ಬನಿ ತುಳಿದುಕೊಂಡು ಓಡೋ ಬೇಟೆ ನಾಯಿಯನ್ನ ಒಮ್ಮೆ ನೋಡಬೇಕು. ನಾಲ್ಕೂ ಕಾಲು ನೆಲ ಬಿಟ್ಟಿರ್ತವೆ, ಬೆನ್ನು ಬಿಲ್ಲಿನ ಹಾಗೆ ಬಾಗಿ ಬಿಚ್ಚಿಕೊಳ್ಳುತ್ತೆ. ಯಾರೂ ಓಡು ಅಂದಿರಲ್ಲ. ಓಡೋದೇ ಅದರ ಹಬ್ಬ.

ಮುಧೋಳ ನಾಯಿ ವಾಸನೆಗಿಂತ ಕಣ್ಣು ನಂಬಿ ಬೇಟೆ ಆಡೋ ತಳಿ. ಉದ್ದ ಕಾಲು, ಆಳವಾದ ಎದೆ, ಸಣ್ಣ ಸೊಂಟ. ದೂರದಲ್ಲಿ ಏನಾದರೂ ಅಲುಗಿದರೆ ಸಾಕು, ಮೈಯೆಲ್ಲ ಕಣ್ಣಾಗುತ್ತೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನ ಪೋಷಿಸಿದರು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ಟರು ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲಿರೋ ಮಾತು. 2005ರಲ್ಲಿ ಇದರ ಅಂಚೆಚೀಟಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಒಂದು ಶ್ವಾನ ಸಂಶೋಧನಾ ಕೇಂದ್ರ ಇದೆ. ಇಲ್ಲಿನ ಮರಿಗಳು ಮೀರತ್‌ಗೆ ಹೋಗಿ ಸೇನೆಯ ತರಬೇತಿ ಪಡೆದಿವೆ. 2020ರ ಆಗಸ್ಟ್‌ನ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಇದರ ಹೆಸರು ಹೇಳಿದ ಮೇಲಂತೂ ನನ್ನ ಸಹೋದ್ಯೋಗಿಗಳ ಬೇಡಿಕೆ ಜಾಸ್ತಿ ಆಯ್ತು.

ಈಗ ಒಂಬತ್ತನೇ ಮಹಡಿಯ ಹಸ್ಕಿಗೆ ಬರೋಣ. ಅದರ ಪೂರ್ವಜರನ್ನ ಬೆಳೆಸಿದವರು ಸೈಬೀರಿಯಾದ ಈಶಾನ್ಯ ತುದಿಯ ಚುಕ್ಚಿ ಜನ. ಕಡಿಮೆ ತಿಂದು ಹಿಮದ ಮೇಲೆ ದಿನಗಟ್ಟಲೆ ಬಂಡಿ ಎಳೆಯೋ ನಾಯಿ ಅವರಿಗೆ ಬೇಕಿತ್ತು. 1925ರ ಜನವರಿಯಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಗಂಟಲಮಾರಿ ಬಂತು. ಸಮುದ್ರ ಹೆಪ್ಪುಗಟ್ಟಿತ್ತು, ವಿಮಾನ ಹಾರುವ ಹಾಗಿರಲಿಲ್ಲ. ಸುಮಾರು 20 ಜನ ಸವಾರರು, 150ರಷ್ಟು ನಾಯಿಗಳು ರಿಲೇ ಥರ ಓಡಿ, ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನ ಐದೂವರೆ ದಿನದಲ್ಲಿ ಮುಗಿಸಿ ಔಷಧಿ ಮುಟ್ಟಿಸಿದರು.

ಇಂಥ ನಾಯಿಗಳ ಬಗ್ಗೆ ನನಗೆ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಅವುಗಳನ್ನ ಓಡಿಸೋದು ಕಷ್ಟ ಅಲ್ಲ, ನಿಲ್ಲಿಸೋದು ಕಷ್ಟ. ಬಂಡಿಗೆ ಕಟ್ಟುತ್ತಿದ್ದ ಹಾಗೆ ಕುಣೀತವೆ, ಕೂಗ್ತವೆ, ಹಗ್ಗ ಜಗ್ಗತವೆ. ಸವಾರ ಹಿಮದೊಳಗೆ ಒಂದು ದೊಡ್ಡ ಕಬ್ಬಿಣದ ಕೊಕ್ಕೆ ಊರಿ ಬಂಡಿ ಹಿಡಿದಿಟ್ಟಿರ್ತಾನೆ. ಕೊಕ್ಕೆ ಕಿತ್ತರೆ ಸಾಕು, ಬಂಡಿ ಹೊರಟೇ ಬಿಡ್ತು.

ಇಷ್ಟು ಆಸೆಯಿಂದ ಎಳೆಯೋ ಪ್ರಾಣಿಗೆ ನೊಗ ಕಟ್ಟೋದು ದಬ್ಬಾಳಿಕೆ ಹೇಗಾಗುತ್ತೆ ಅಂತ ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು ಕೇಳಬಹುದು: ಆ ಆಸೆ ನಿಜವಾಗಲೂ ನಾಯಿಯದ್ದಾ? ಎಳೆಯೋಕೆ ಇಷ್ಟಪಡೋ ನಾಯಿಯ ಮರಿಯನ್ನ ಉಳಿಸಿಕೊಂಡು, ಸೋಮಾರಿಯದ್ದನ್ನ ಬಿಟ್ಟು, ನೂರಾರು ತಲೆಮಾರು ಹಾಗೇ ಆರಿಸಿ ಆರಿಸಿ ಆ ಆಸೆಯನ್ನ ಕಟ್ಟಿದವರು ಮನುಷ್ಯರು. ಡಗ್ಲಸ್ ಆಡಮ್ಸ್ 1980ರ ತನ್ನ ಕಾದಂಬರಿಯಲ್ಲಿ ಒಂದು ಪ್ರಾಣಿಯನ್ನ ತರ್ತಾನೆ. ಅದು ಹೋಟೆಲಿನ ಟೇಬಲ್ಲಿಗೆ ತಾನೇ ಬಂದು ನನ್ನನ್ನ ತಿನ್ನಿ ಅಂತ ಉಪಚಾರ ಮಾಡುತ್ತೆ, ಯಾಕಂದರೆ ಹಾಗೆ ಬಯಸೋ ಹಾಗೇ ಅದನ್ನ ತಯಾರು ಮಾಡಿರ್ತಾರೆ. ಓದಿದಾಗ ನಗು ಬರುತ್ತೆ, ಆಮೇಲೆ ಮೈ ಜುಮ್ ಅನ್ನುತ್ತೆ. ನಮಗೆ ಬೇಕಾದ್ದನ್ನೇ ಬಯಸುವ ಜೀವವನ್ನ ತಯಾರು ಮಾಡಿ, "ನೋಡಿ, ಅದೇ ಕೇಳ್ತಿದೆ" ಅನ್ನೋದು ಎಷ್ಟು ಸಲೀಸು!

ಆದರೆ ಈ ವಾದವನ್ನ ಪೂರ್ತಿ ಒಪ್ಪಿಕೊಂಡರೆ ನನಗೇ ತೊಂದರೆ. ಬಿಇ ಮಾಡಬೇಕು ಅನ್ನೋ ನನ್ನ ಆಸೆ ಎಲ್ಲಿಂದ ಬಂತು? ಮಳೆ ನೆಚ್ಚಿದ ಒಣಬೇಸಾಯ ಸಾಕಾಗಿದ್ದ ಅಪ್ಪನಿಂದ, ಗಣಿತದ ಮಾಸ್ತರರಿಂದ, ಬೆಂಗಳೂರಿಂದ ಜೀನ್ಸ್ ಹಾಕ್ಕೊಂಡು ಬರ್ತಿದ್ದ ಪಕ್ಕದ ಮನೆ ಅಣ್ಣನಿಂದ. ಕೋಡ್ ಬರೆಯೋದು ನನಗೆ ಇಷ್ಟ, ಅದು ಸುಳ್ಳಲ್ಲ. ಯಾರೋ ಬಿತ್ತಿದ್ದು ಅನ್ನೋ ಕಾರಣಕ್ಕೆ ಆಸೆ ಸುಳ್ಳಾಗೋದಾದರೆ ಲೋಕದಲ್ಲಿ ಯಾರಿಗೂ ಸ್ವಂತ ಆಸೆ ಅನ್ನೋದೇ ಇರಲ್ಲ. ಹಾಗಾಗಿ ನಾಯಿಯ ಓಟದ ಆಸೆ ನಾಯಿಯದ್ದೇ. ಬಿತ್ತಿದವರು ನಾವು, ಬೆಳೆದದ್ದು ಅದರ ಮೈಯಲ್ಲಿ.

ಆಸೆ ಅದರದ್ದು ಅಂತ ಒಪ್ಪಿದ ಮೇಲೆ ಬಿತ್ತಿದವರ ಕೆಲಸ ಮುಗಿಯಲ್ಲ, ಅಲ್ಲಿಂದ ಶುರುವಾಗುತ್ತೆ. ನನಗೆ ಇಲ್ಲಿ ಎರಡು ಬಗೆಯ ಅನ್ಯಾಯ ಕಾಣುತ್ತೆ.

ಮೊದಲನೆಯದು, ಆಸೆಯನ್ನ ಮೈ ತಾಳದಷ್ಟು ದುಡಿಸಿಕೊಳ್ಳೋದು. 1911ರ ಡಿಸೆಂಬರ್ 14ರಂದು ಅಮುಂಡ್ಸನ್ ದಕ್ಷಿಣ ಧ್ರುವ ಮುಟ್ಟಿದ. ಹೊರಟಾಗ ಜೊತೆಗಿದ್ದ ನಾಯಿಗಳು 52, ವಾಪಸ್ ಬಂದದ್ದು 11. ಮಿಕ್ಕವುಗಳಲ್ಲಿ ಬಹುಪಾಲನ್ನ ದಾರಿಯಲ್ಲೇ ಕೊಂದು ಉಳಿದ ನಾಯಿಗಳಿಗೂ ಮನುಷ್ಯರಿಗೂ ಆಹಾರ ಮಾಡಿದರು. ಅದು ಹೊರಡೋ ಮೊದಲೇ ಹಾಕಿದ್ದ ಲೆಕ್ಕ. ಈಗ ಅಲಾಸ್ಕಾದಲ್ಲಿ ಪ್ರತಿವರ್ಷ ನಡೆಯೋ ಇಡಿಟರಾಡ್ ಓಟದಲ್ಲಿ ಒಂದು ಸಲ 24 ಗಂಟೆ, ಎರಡು ಸಲ 8 ಗಂಟೆ ನಿಲ್ಲಲೇಬೇಕು ಅನ್ನೋ ನಿಯಮ ಇದೆ, ದಾರಿಯುದ್ದಕ್ಕೂ ಪಶುವೈದ್ಯರು ಇರ್ತಾರೆ. ನಾಯಿ ತಾನಾಗಿ ಸಾಕು ಅನ್ನಲ್ಲ ಅಂತ ಗೊತ್ತಿರೋದಕ್ಕೇ ಆ ನಿಯಮ. ಅದೂ ಸಾಲದು ಅನ್ನೋರು ಇದ್ದಾರೆ, ಅವರ ಮಾತನ್ನೂ ತಳ್ಳಿಹಾಕೋ ಹಾಗಿಲ್ಲ.

ಎರಡನೆಯದು, ಆಸೆಯನ್ನ ಹುಟ್ಟಿಸಿ ಜಾಗ ಕೊಡದೇ ಇರೋದು. ಇಲ್ಲಿ ಚಾಟಿ ಇಲ್ಲ, ರಕ್ತ ಇಲ್ಲ, ಹಸಿವಿಲ್ಲ. ಅದಕ್ಕೇ ಇದು ಅನ್ಯಾಯದ ಹಾಗೆ ಕಾಣೋದಿಲ್ಲ. ಗೇಮ್ ಆಫ್ ಥ್ರೋನ್ಸ್ ನೋಡಿ ಜನ ಹಸ್ಕಿ ಕೊಳ್ಳೋದು, ಆಮೇಲೆ ಬಿಟ್ಟುಬಿಡೋದು ಎಷ್ಟಾಯ್ತೆಂದರೆ, ಅದರಲ್ಲಿ ಟಿರಿಯನ್ ಪಾತ್ರ ಮಾಡಿದ ಪೀಟರ್ ಡಿಂಕ್ಲೇಜ್ 2017ರಲ್ಲಿ ದಯವಿಟ್ಟು ಕೊಳ್ಳಬೇಡಿ ಅಂತ ಕೇಳಿಕೊಳ್ಳಬೇಕಾಯ್ತು. ಬಿಡದೇ ಇಟ್ಟುಕೊಂಡವರ ಮನೆಯಲ್ಲೂ ಪ್ರಶ್ನೆ ಇದ್ದೇ ಇದೆ. ನೂರು ಕಿಲೋಮೀಟರ್ ಎಳೆಯೋ ಮೈಗೆ ದಿನಕ್ಕೆ ನಲವತ್ತು ನಿಮಿಷ ಕೊಟ್ಟು, ಪ್ರೀತಿ ಮಾಡ್ತೀವಲ್ಲ ಅಂದರೆ ಸಾಕಾ?

ಪ್ರೀತಿ ಬೇರೆ, ಗೌರವ ಬೇರೆ, ನ್ಯಾಯ ಬೇರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಇತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗ ತನ್ನ ವೀರ ಮಣಲೇರನ ಶೌರ್ಯ ಮೆಚ್ಚಿ ಏನು ಬೇಕು ಕೇಳು ಅಂದಾಗ, ಅವನು ಕಾಳಿ ಅನ್ನೋ ಬೇಟೆ ನಾಯಿಯನ್ನ ಕೇಳಿದ. ಆ ನಾಯಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ. ಸಾವಿರ ವರ್ಷದ ಹಿಂದೆ ಕನ್ನಡದವನೊಬ್ಬ ನಾಯಿಗೆ ಅಷ್ಟು ಮರ್ಯಾದೆ ಕೊಟ್ಟ ಅಂತ ನನಗೆ ಹೆಮ್ಮೆ ಇದೆ. ಆದರೆ ಹಂದಿಯ ಮೇಲೆ ನಾಯಿ ಬಿಟ್ಟವರೂ ಮನುಷ್ಯರೇ. ನೋಮ್‌ಗೆ ಕೊನೆಯ ಹಂತ ಓಡಿದ ಬಾಲ್ಟೋ ಕಥೆ ಇನ್ನೂ ವಿಚಿತ್ರ. 1925ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅದರ ಪ್ರತಿಮೆ ನಿಂತಿತು. ಅದಾಗಿ ಸ್ವಲ್ಪ ಕಾಲಕ್ಕೆ ಜೀವಂತ ಬಾಲ್ಟೋ ಲಾಸ್ ಏಂಜಲೀಸಿನ ಒಂದು ಅಗ್ಗದ ಪ್ರದರ್ಶನದಲ್ಲಿ ಕಟ್ಟಿಹಾಕಿಸಿಕೊಂಡು ಸೊರಗ್ತಿತ್ತು. 1927ರಲ್ಲಿ ಕ್ಲೀವ್‌ಲ್ಯಾಂಡ್ ಊರಿನ ಮಕ್ಕಳು, ದೊಡ್ಡವರು ಚಿಲ್ಲರೆ ಕೂಡಿಸಿ ಅದನ್ನ ಬಿಡಿಸಿಕೊಂಡರು. ಕಂಚಿನ ನಾಯಿಗೆ ಓಡಬೇಕು ಅನ್ನೋ ಆಸೆ ಇರಲ್ಲ, ಸಾಕೋದು ಸುಲಭ.

ಹಾಗಾದರೆ ಹಳ್ಳಿಯಲ್ಲಿ ಎಲ್ಲ ಸರಿ ಇದೆಯಾ? ಹಾಗೆ ಹೇಳಿದರೆ ಸುಳ್ಳಾಗುತ್ತೆ. ಬೇಟೆ ನಾಯಿ ಹುಟ್ಟಿದ್ದೇ ಮೊಲ ಹಿಡಿಯೋಕೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲ ಹೊಡೆಯೋದು ಅಪರಾಧ. ಅಪರಾಧ ಅನ್ನೋದು ಬಿಡಿ, ಮೊಲಕ್ಕೂ ಒಂದು ಆಸೆ ಇರುತ್ತಲ್ಲ, ಬದುಕೋದು! ನಾಯಿಯ ಆಸೆ ಎಷ್ಟೇ ದೊಡ್ಡದಾದರೂ ಅದನ್ನ ಮೊಲದ ಜೀವದಿಂದ ತೀರಿಸೋಕೆ ನಮಗೆ ಹಕ್ಕಿಲ್ಲ. ಅಂದರೆ, ಹುಟ್ಟಿಸಿದ ಆಸೆಯನ್ನೆಲ್ಲ ಹಾಗೇ ತೀರಿಸಬೇಕು ಅಂತಲೂ ಅಲ್ಲ.

ಈ ಗಂಟನ್ನ ನಮ್ಮ ಅಪ್ಪ ತನ್ನದೇ ರೀತಿ ಬಿಡಿಸಿಕೊಂಡಿದ್ದಾರೆ. ಅವರಿಗೆ ಈಗ ಅರವತ್ತೆಂಟು. ಮನೆಯಲ್ಲಿ ಕೆಂಚ್ಯಾ ಅಂತ ಒಂದು ಮುಧೋಳ ನಾಯಿ ಇದೆ. ದಿನಾ ನಸುಕಿಗೆ ಅಪ್ಪ ಟವೆಲ್ ತಲೆಗೆ ಸುತ್ಕೊಂಡು ಟಿವಿಎಸ್ ಎಕ್ಸೆಲ್ ಏರ್ತಾರೆ, ಬಂಡಿದಾರಿಯಲ್ಲಿ ಹೊಲದ ತನಕ ಹೋಗಿ ಬರ್ತಾರೆ. ಕೆಂಚ್ಯಾ ಪಕ್ಕದಲ್ಲಿ ಓಡುತ್ತೆ. ಮೊಲ ಎದ್ದರೆ ಕೂಗಿ ತಡೀತಾರೆ, ಒಮ್ಮೊಮ್ಮೆ ಅದು ಕೇಳಲ್ಲ, ಬಹಳ ಸಲ ಕೇಳುತ್ತೆ. "ಲೇ ತಮ್ಮಾ, ಅದಕ ಮೊಲ ಬೇಕಾಗಿಲ್ಲೋ, ಓಟ ಬೇಕಾಗೈತಿ. ಓಟ ಕೊಟ್ರ ಮೊಲ ಮರೀತೈತಿ" ಅಂತಾರೆ. ತತ್ವಶಾಸ್ತ್ರದವರು ಇದನ್ನ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ನನಗಂತೂ ಕೆಲಸಕ್ಕೆ ಬರೋ ಮಾತು. ಆಸೆಯೊಳಗೆ ಯಾವುದು ಬೇರು, ಯಾವುದು ರೂಢಿ ಅಂತ ನೋಡಿ, ಬೇರಿಗೆ ನೀರು ಹಾಕಬೇಕು. ಅದನ್ನ ನೋಡೋಕೆ ದಿನಾ ಬೆಳಿಗ್ಗೆ ಏಳಬೇಕು, ಅಷ್ಟೇ.

ಮರಿ ಕೇಳೋ ಗೆಳೆಯರಿಗೆ ನಾನು ಈಗ ಮೂರು ಪ್ರಶ್ನೆ ಕೇಳ್ತೀನಿ. ಬೆಳಿಗ್ಗೆ ಐದೂವರೆಗೆ ಯಾರು ಓಡಿಸ್ತೀರಿ? ಹಗ್ಗ ಬಿಚ್ಚಿ ಓಡಿಸೋಕೆ ಜಾಗ ಎಲ್ಲಿ? ಆನ್‌ಸೈಟ್ ಹೋದರೂ, ಮಗು ಆದರೂ, ಹತ್ತು ಹನ್ನೆರಡು ವರ್ಷ ಇದನ್ನ ನಡೆಸ್ತೀರಾ? ಮೂರಕ್ಕೂ ಉತ್ತರ ಇದ್ದರೆ ನಾನೇ ಕರ್ಕೊಂಡು ಮುಧೋಳಕ್ಕೆ ಹೋಗ್ತೀನಿ. ಇಲ್ಲಿವರೆಗೆ ಆ ಪ್ರಸಂಗ ಬಂದಿಲ್ಲ.

ಈ ಮಾತು ನಾಯಿಗೆ ಮಾತ್ರ ಅಲ್ಲ. ಹೋದ ವರ್ಷ ನಮ್ಮ ಟೀಮಿಗೆ ಒಬ್ಬ ಹುಡುಗ ಸೇರಿದ, ನಮ್ಮ ಕಡೆಯವನೇ, ಮೊದಲ ನೌಕರಿ. ರಿಲೀಸ್ ಇದ್ದಾಗ ರಾತ್ರಿ ಎರಡಕ್ಕೂ ಆನ್‌ಲೈನ್ ಇರ್ತಾನೆ. "ಸರ್, ನಾನೇ ಮಾಡ್ತೀನಿ ಬಿಡ್ರೀ" ಅಂತಾನೆ. ಮೇಲಿನವರು, "ಅವನೇ ಇಷ್ಟಪಟ್ಟು ಮಾಡ್ತಿದಾನಲ್ಲ" ಅಂದರು. ಹೌದು, ಇಷ್ಟಪಟ್ಟೇ ಮಾಡ್ತಾನೆ. ಊರಿನ ಸಾಲ, ತಂಗಿಯ ಓದು, ತಾನೂ ಒಂದು ಕೈ ತೋರಿಸಬೇಕು ಅನ್ನೋ ಹಟ, ಎಲ್ಲ ಸೇರಿ ಆ ಇಷ್ಟ ಆಗಿದೆ. ಹುಡುಗ ನಾಯಿಯಲ್ಲ. ಅವನು ಬೇಡ ಅನ್ನಬಹುದು, ಕೆಲಸ ಬಿಡಬಹುದು. ಆದರೆ ಇಷ್ಟ ಅನ್ನೋ ಹಗ್ಗ ಕಟ್ಟಿದ ಮೇಲೆ ಬೇಡ ಅನ್ನೋದು ಎಷ್ಟು ಕಷ್ಟ ಅಂತ ಈ ಇಂಡಸ್ಟ್ರಿಯಲ್ಲಿರೋ ನಮಗೆಲ್ಲ ಗೊತ್ತು. ಇಂಟರ್‌ವ್ಯೂನಲ್ಲಿ ಪ್ಯಾಶನ್ ಇದೆಯಾ ಅಂತ ಕೇಳ್ತೀವಿ. ಇದ್ದರೆ ಆಯ್ಕೆ ಮಾಡ್ತೀವಿ. ಆಯ್ಕೆ ಮಾಡಿದ ಮೇಲೆ ಕೊಕ್ಕೆ ಊರೋದು ಯಾರ ಕೆಲಸ? ಲೀಡ್ ಅಂತ ಹೆಸರು ಇಟ್ಟುಕೊಂಡ ಮೇಲೆ ನನ್ನದು. ವಾರಕ್ಕೊಂದೇ ರಾತ್ರಿ ಪಾಳಿ, ಮರುದಿನ ಕಡ್ಡಾಯ ರಜೆ ಅಂತ ರೋಸ್ಟರ್ ಮಾಡಿದೆ. ಹುಡುಗ ಮೊದಲು ಮುಖ ಸಣ್ಣದು ಮಾಡಿಕೊಂಡ, ತನ್ನ ಮೇಲೆ ನಂಬಿಕೆ ಇಲ್ಲ ಅಂದುಕೊಂಡ. ಇರಲಿ.

ಮೊನ್ನೆ ಅಪ್ಪ ಫೋನಿನಲ್ಲಿ ಒಂದು ಮಾತು ಕೇಳಿದರು. ಕೆಂಚ್ಯಾನಿಗೆ ಒಂಬತ್ತು ವರ್ಷ ಆಯ್ತು, ಅಪ್ಪನ ಮೊಣಕಾಲು ಮೊದಲಿನ ಹಾಗಿಲ್ಲ. "ಇದರ ಹಿಂದ ಇನ್ನೊಂದ್ ಮರಿ ತರೂದೋ ಬ್ಯಾಡೋ, ನೀ ಏನಂತಿ?" ಯಾರೂ ಸಾಕದಿದ್ದರೆ ತಳಿ ಉಳಿಯಲ್ಲ, ಅದು ನನಗೂ ಸಂಕಟ. ಆದರೆ ಇನ್ನೂ ಹುಟ್ಟದ ಮರಿಗೆ ನಾವು ಏನೂ ಬಾಕಿ ಇಲ್ಲ, ಹುಟ್ಟಿ ಮನೆಗೆ ಬಂದ ಮರಿಗೆ ಎಲ್ಲ ಬಾಕಿ. ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸೋ ಹುಡುಗ ನಸುಕಿನ ಓಟಕ್ಕೆ ಒಪ್ಪಿದರೆ ತರೋಣ, ಇಲ್ಲದಿದ್ದರೆ ಬೇಡ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳಿ ನೋಡ್ತೀನಿ" ಅಂದರು.