ಹಿನ್ನೀರಿನ ಋಣ

2025ರ ಡಿಸೆಂಬರಿನಲ್ಲಿ ಎರಡು ದಿನ ರಜೆ ಸಿಕ್ಕಿತು. ಬ್ರಹ್ಮಾವರದ ತಂಗಿಯ ಮಕ್ಕಳು ಜೀಪಿನ ಮೇಲೆ ಸೈಕಲ್ ಕಟ್ಟಿಕೊಂಡು ಕುಂದಾಪುರದ ನಮ್ಮ ಮನೆಗೆ ಬಂದವರೇ, "ದೊಡ್ಡಮ್ಮ, ನೀವೂ ಬರ್ಕ್" ಎಂದು ಹಟ ಹಿಡಿದರು. ಐವತ್ತೈದರ ಮಂಡಿನೋವಿಗೆ ಹೆದರುತ್ತಲೇ ಹೊರಟೆ.

ಕೊಲ್ಲೂರಿನಿಂದ ಘಟ್ಟ ಹತ್ತಿ, ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ನಡೆದೆವು. 1343 ಮೀಟರ್ ಎತ್ತರದ ಬೆಟ್ಟ. ಸರ್ವಜ್ಞ ಪೀಠದ ಕಲ್ಲುಗುಡಿಯ ಬಳಿ ಕುಳಿತು ಏದುಸಿರು ಬಿಟ್ಟೆ. ಪಡುವಣದಲ್ಲಿ ನಮ್ಮ ಕಡಲು ತೆಳು ಗೆರೆಯ ಹಾಗೆ ಕಾಣುತ್ತಿತ್ತು. ಘಟ್ಟದ ಮೇಲೆ, ಕಾಡಿನ ನಡುವೆ, ಲಿಂಗನಮಕ್ಕಿಯ ಹಿನ್ನೀರು ಹೊಳೆಯುತ್ತಿತ್ತು. ಮಾತೇ ಹೊರಡಲಿಲ್ಲ.

ಮರುದಿನ ನಿಟ್ಟೂರು ಹಾದು ಹಿನ್ನೀರಿನ ದಡದ ತುಮರಿಗೆ ಹೋದೆವು. ಮಕ್ಕಳ ಜೊತೆ ನಾನೂ ಸೈಕಲ್ ತುಳಿದೆ. ಬಾಯಾರಿ ಒಂದು ಮನೆಯೆದುರು ಇಳಿದಾಗ ಅಜ್ಜಿಯೊಬ್ಬರು ಬೆಲ್ಲ, ನೀರು ತಂದಿಟ್ಟರು. ನೀರಿನತ್ತ ನೋಡುತ್ತ ನಾನೆಂದೆ: "ಇಂಥ ಜಾಗದಲ್ಲಿರೋಕೆ ಪುಣ್ಯ ಮಾಡಿರಬೇಕು, ಅಮ್ಮ."

"ಚಂದ ಹೌದು ಮಗಾ" ಎಂದರು ಅಜ್ಜಿ. "ನಮ್ಮ ಮನೆ, ತೋಟ ಎಲ್ಲ ಅದರಡಿಗೇ ಇರೋದು. ನಾನಾಗ ಎಂಟು ವರ್ಷದವಳು." ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಬಾಯಿಯ ಬೆಲ್ಲ ಮಾತ್ರ ಕಹಿಯಾಯಿತು.

ಇಷ್ಟು ವರ್ಷ ನಾನು ಸಮಾಜ ಪಾಠ ಹೇಳಿಕೊಟ್ಟವಳು. ಶರಾವತಿ, ಲಿಂಗನಮಕ್ಕಿ, 1964, ಜಲವಿದ್ಯುತ್ತು. ಮಕ್ಕಳು ಸರಿಯಾಗಿ ಬರೆದರೆ ಪೂರ್ತಿ ಅಂಕ. ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಅವರನ್ನು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ತುಮರಿಯ ಕಡೆಯವರು ಸಾಗರದ ಆಸ್ಪತ್ರೆಗೂ ಕಾಲೇಜಿಗೂ ಲಾಂಚನ್ನೇ ಕಾದರು. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಮುಳುಗಡೆಯಾಗಿ ಬೇರೆಡೆ ನೆಲೆಸಿದ ಎಷ್ಟೋ ಮನೆಯವರು ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದರು. ಬೈಂದೂರಿನ ನನ್ನ ತವರುಮನೆಗೆ ಕರೆಂಟು ಬಂದಾಗ ನಾವು ಕುಣಿದಾಡಿದ್ದೆವು. ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು ಆ ಬಲ್ಬಿನ ಬೆಳಕಿನಲ್ಲೇ. ಆಗ ರಾಜ್ಯದ ಕರೆಂಟಿಗೆ ಶರಾವತಿಯೇ ದೊಡ್ಡ ಆಸರೆ.

ಹಾಗಾದರೆ ಆ ನೀರನ್ನು ನೋಡಿ ಸಂತೋಷಪಟ್ಟದ್ದು ತಪ್ಪೇ? ಮನೆಗೆ ಬಂದ ಮೇಲೂ ಈ ಪ್ರಶ್ನೆ ಬಿಡಲಿಲ್ಲ. ಬೇಸರಪಟ್ಟು ಕಣ್ಣು ಮುಚ್ಚಿಕೊಂಡರೆ ಅಜ್ಜಿಯ ತೋಟವೇನೂ ಮೇಲೆ ಬರುವುದಿಲ್ಲ. "ಚಂದ ಹೌದು" ಎಂದವರು ಅವರೇ ಅಲ್ಲವೇ? ತೋಟ ಕಳೆದುಕೊಂಡವರಿಗೂ ಚೆಂದ ಕಾಣುತ್ತದೆ. ಆದರೆ ಅವರಿಗೆ ಅದರ ಬೆಲೆಯೂ ಗೊತ್ತು. ನಾನು ಬೆಲೆ ಕೇಳದೆ ಚೆಂದವನ್ನಷ್ಟೇ ಮಡಿಲಿಗೆ ತುಂಬಿಕೊಂಡು ಹೊರಟಿದ್ದೆ. ಅಜ್ಜಿಗೆ ಪುಣ್ಯದ ಮಾತು ಹೇಳಿದವಳು, ನನ್ನ ಋಣದ ಲೆಕ್ಕ ನೋಡಿರಲಿಲ್ಲ.

ಈ ಋಣ ತೀರಿಸುವ ಬಗೆ ನನಗೆ ತಿಳಿಯದು. ಮರೆಯದಿರುವುದು ಮಾತ್ರ ನನ್ನ ಕೈಯಲ್ಲಿದೆ. ಶಾಲೆ ಶುರುವಾದ ಮೇಲೆ ಆ ಪಾಠಕ್ಕೆ ಅಜ್ಜಿಯ ತೋಟವನ್ನೂ ಸೇರಿಸಿದೆ. ಅದಕ್ಕೆ ಅಂಕವಿಲ್ಲ, ಆದರೂ ಮಕ್ಕಳು ಸದ್ದಿಲ್ಲದೆ ಕೇಳಿದರು.

ನೀವೂ ರಜೆಯಲ್ಲಿ ಹೋಗಿ ಬನ್ನಿ, ಕಣ್ತುಂಬ ನೋಡಿ. ದಡದ ಮನೆಯಲ್ಲಿ ನೀರು ಕೊಟ್ಟರೆ, ಕುಡಿದು ಹೊರಡುವ ಮುನ್ನ ಎರಡು ಗಳಿಗೆ ಕುಳಿತು ಅವರ ಮಾತನ್ನೂ ಕೇಳಿ.