ಸಾಲು ಹಿಡಿದ ಸೈಕಲ್ಲುಗಳು

ಬೆಂಗಳೂರು ಬಿಟ್ಟು ವಿಜಯಪುರದ ಕಡೆ ಕಾರಿನಲ್ಲಿ ಹೊರಟರೆ ಚಿತ್ರದುರ್ಗದವರೆಗೂ ಸೈಕಲ್ಲೆಂಬುದು ರಸ್ತೆ ದಾಟಲಿಕ್ಕಷ್ಟೇ ಕಾಣಿಸಿಕೊಳ್ಳುತ್ತದೆ. ಹೆದ್ದಾರಿಯ ಅಂಚಿನಲ್ಲಿ ಹ್ಯಾಂಡಲ್ ಹಿಡಿದು ನಿಂತು, ಬಲಕ್ಕೆ ನೋಡಿ, ಮತ್ತೊಮ್ಮೆ ನೋಡಿ, ಲಾರಿಗಳ ನಡುವೆ ಸಂದು ಹುಡುಕುವವರು ಅಲ್ಲೊಬ್ಬರು ಇಲ್ಲೊಬ್ಬರು. ನಮ್ಮಲ್ಲಿಗೆ ಬಂದಿದ್ದ ಅತ್ತೆಯವರನ್ನು ಸಂಕ್ರಾಂತಿಗೆ, ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ, ಊರಿಗೆ ಬಿಡಲು ಹೊರಟಿದ್ದೆವು. ಸ್ಟಿಯರಿಂಗ್ ಹೆಂಡತಿಯ ಕೈಯಲ್ಲಿದ್ದುದರಿಂದ ಕಿಟಕಿಯಾಚೆ ನೋಡುವುದೇ ನನ್ನ ಕೆಲಸ. ಶಿರಾ ದಾಟಿದ ಮೇಲೆ ಹಿರಿಯರೊಬ್ಬರು ಹುಲ್ಲಿನ ಹೊರೆ ಸಮೇತ ಸೈಕಲ್ಲನ್ನು ಎತ್ತಿ ಮೀಡಿಯನ್ ಮೇಲಿಟ್ಟು, ತಾವೂ ಹತ್ತಿ, ಆಚೆ ಬದಿಗೆ ಇಳಿಸುತ್ತಿದ್ದರು. ನ್ಯಾಯವಾಗಿ ದಾಟಬೇಕೆಂದರೆ ಮುಂದಿನ ಅಂಡರ್‌ಪಾಸ್‌ವರೆಗೆ ತುಳಿಯಬೇಕು. ನಕ್ಷೆ ಬರೆದವರ ಲೆಕ್ಕದಲ್ಲಿ ಅದು ಕಾರಿಗೆ ಎರಡು ನಿಮಿಷದ ದಾರಿ.

2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳ ಪೈಕಿ ಸುಮಾರು 45ರಲ್ಲಿ ಸೈಕಲ್ ಇತ್ತು. ಕಾರು, ಜೀಪು ಇದ್ದದ್ದು 5ಕ್ಕೂ ಕಡಿಮೆ ಮನೆಗಳಲ್ಲಿ. ಆಮೇಲೆ ಕಾರು ಹೆಚ್ಚಿವೆ, ನಿಜ. ಆದರೂ ಐದು ಮನೆಯವರ ಅನುಕೂಲಕ್ಕೆ ರಸ್ತೆ ಹಾಕಿ, ನಲವತ್ತೈದು ಮನೆಯವರಿಗೆ ‘ನೋಡಿಕೊಂಡು ದಾಟಿ’ ಅನ್ನುವುದು ಯಾವ ನ್ಯಾಯ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜೊತೆ ಮೋಟಾರಿಲ್ಲದ ವಾಹನಗಳನ್ನೂ 2023ರ ಆಗಸ್ಟ್ 1ರಿಂದ ನಿಷೇಧಿಸಿದ್ದಾರೆ. ಅಲ್ಲಿನ ಅಪಘಾತಗಳನ್ನು ನೋಡಿದರೆ ನಿಷೇಧ ತಪ್ಪೆನ್ನಲಾರೆ. ಸರ್ವಿಸ್ ರಸ್ತೆಯನ್ನಾದರೂ ನೆಟ್ಟಗೆ ಇಟ್ಟಿದ್ದರೆ ಸೈಕಲ್ಲಿನವರು ತಕರಾರು ತೆಗೆಯುತ್ತಲೂ ಇರಲಿಲ್ಲ.

ಹೊಸಪೇಟೆ, ಕುಷ್ಟಗಿ, ಇಳಕಲ್ ದಾಟಿ ಹುನಗುಂದದಲ್ಲಿ ಹೆದ್ದಾರಿ ಬಿಟ್ಟು ಅಮೀನಗಡದ ಕಡೆ ಹೊರಳಿದ್ದೇ ಬೇರೆ ಲೋಕ. ಕರದಂಟು ಕೊಳ್ಳಲು ನಿಂತಾಗ ಶಾಲೆ ಬಿಟ್ಟಿತ್ತು. ಯೂನಿಫಾರ್ಮ್ ತೊಟ್ಟ ಹುಡುಗಿಯರು ಇಬ್ಬರು ಮೂವರು ಜೋಡಿಯಾಗಿ, ಮಾತು ನಿಲ್ಲಿಸದೆ, ಒಬ್ಬಳ ಚೀಲ ಇನ್ನೊಬ್ಬಳ ಬುಟ್ಟಿಯಲ್ಲಿಟ್ಟುಕೊಂಡು ಹೊರಟಿದ್ದರು. ಹಿಂದೆ ಹಾರನ್ ಹೊಡೆದ ಟಂಟಂಗೆ ಅರ್ಧ ಮೊಳ ಜಾಗ ಬಿಟ್ಟರೇ ಹೊರತು ಮಾತು ಬಿಡಲಿಲ್ಲ. ನಮ್ಮ ರಾಜ್ಯದಲ್ಲಿ 2006-07ರಿಂದ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತಿದ್ದರು. ಕೊರೊನಾ ಬಂದಾಗ ಅದು ನಿಂತಿತು. 2006-07ರ ಸುಮಾರಿಗೇ ಬಿಹಾರದಲ್ಲಿ ಹುಡುಗಿಯರಿಗೆಂದು ಶುರುವಾದ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ, ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತೆಂದು ತೋರಿಸಿದರು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಅದರ ಫಲ ಹೆಚ್ಚು. ನಮ್ಮಲ್ಲಿ ಕೊಟ್ಟ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳು ಬಂದಿದ್ದವು, ನಿಜ. ಅದಕ್ಕೆ ಒಳ್ಳೆಯ ಸೈಕಲ್ ಕೊಡುವುದು ಮದ್ದು.

ಆ ರಾತ್ರಿ ಬಾಗಲಕೋಟೆಯಲ್ಲಿ ತಂಗಿ, ಬೆಳಗಿನ ಜಾವವೇ ಬೀಳಗಿ ಕ್ರಾಸ್ ಕಡೆ ಹೊರಟೆವು. ಜೋಳದ ಹೊಲಗಳ ಮೇಲೆ ಇನ್ನೂ ಮಂಜು. ಮುಂದೆ ಒಂದು ಬೈಕು ಕೆಂಪು ದೀಪ ಮಿನುಗಿಸುತ್ತ ನಿಧಾನ ಹೋಗುತ್ತಿತ್ತು. ಅದರಾಚೆ ಹೆಲ್ಮೆಟ್ ಹಾಕಿದ ಹುಡುಗ ಹುಡುಗಿಯರ ಒಂದು ಸಾಲು. ಒಬ್ಬರ ಹಿಂದಿನ ಚಕ್ರಕ್ಕೂ ಇನ್ನೊಬ್ಬರ ಮುಂದಿನ ಚಕ್ರಕ್ಕೂ ಒಂದು ಗೇಣು ಅಂತರ ಇದ್ದಿದ್ದರೆ ಹೆಚ್ಚು. ಸ್ವಲ್ಪ ಹೊತ್ತಿಗೆ ಮುಂದಿದ್ದವಳು ಮೊಣಕೈ ಒಂದಿಷ್ಟು ಅಲ್ಲಾಡಿಸಿ ಪಕ್ಕಕ್ಕೆ ಸರಿದಳು. ಸಾಲು ಅವಳನ್ನು ದಾಟಿ ಹೋಯಿತು, ಅವಳು ಬಾಲಕ್ಕೆ ಬಂದು ಅಂಟಿಕೊಂಡಳು. ಮಗಳು ‘ಔಟಾ?’ ಅಂದಳು. ಔಟಲ್ಲ, ಪಾಳಿ ಮುಗಿಯಿತು. ಮುಂದಿರುವವರು ಗಾಳಿ ಸೀಳಬೇಕು, ಹಿಂದಿನವರಿಗೆ ಮೂರನೇ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ. ಹಾಗಾಗಿ ಎಲ್ಲರೂ ಸರದಿಯ ಮೇಲೆ ಮುಂದೆ ಬರಬೇಕು.

ರಾಜ್ಯಕ್ಕೆ, ದೇಶಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಡುವುದರಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯದೇ ಮೇಲುಗೈ. ವಿಜಯಪುರ, ಬಾಗಲಕೋಟೆಗಳ ಕ್ರೀಡಾನಿಲಯಗಳು, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆ ಇದಕ್ಕೆ ಹೆಸರುವಾಸಿ. ಯಾಕೆ ಇಲ್ಲೇ ಎಂದರೆ ನೆಲವೇ ಅರ್ಧ ಉತ್ತರ ಹೇಳುತ್ತದೆ: ಎರೆಭೂಮಿಯ ಬಯಲು, ಕಣ್ಣು ಹಾಯುವಷ್ಟು ನೇರ ರಸ್ತೆ, ಕಡಿಮೆ ಮಳೆ, ತಡೆಯಲು ಗುಡ್ಡವಿಲ್ಲದ ಗಾಳಿ. ಇನ್ನರ್ಧ ಹೊಟ್ಟೆಪಾಡು. ರೈಲ್ವೆಯಲ್ಲಿ, ಸೇನೆಯಲ್ಲಿ ಕ್ರೀಡಾ ಕೋಟಾ ಇದೆ. ‘ನಮ್ ಕಡೆ ಹುಡುಗೂರು ಸೈಕಲ್ ಹೊಡದು ನೌಕರಿ ಹಿಡೀತಾರ. ಮೊದಲ ಗರಡಿಮನಿಗೆ ಹೊಕ್ಕಿದ್ರು, ಈಗ ಇದು’ ಎಂದರು ಅತ್ತೆ. ಜಾತ್ರೆಗಳಲ್ಲಿ ಕಲ್ಲು ಎತ್ತುವ ಸ್ಪರ್ಧೆಯ ಪಕ್ಕದಲ್ಲೇ ಸೈಕಲ್ ಓಟ ಇಡುವ ಸೀಮೆ ಇದು. ಹಗಲೂ ರಾತ್ರಿ ಸೈಕಲ್ಲಿಂದ ಇಳಿಯದೆ ಮೈದಾನ ಸುತ್ತಿ, ಅದರ ಮೇಲೇ ಸ್ನಾನ ಮಾಡಿ, ಟ್ಯೂಬ್‌ಲೈಟ್ ಜಗಿದು ಊರ ಜನರನ್ನು ಬೆರಗುಗೊಳಿಸುತ್ತಿದ್ದ ಸೈಕಲ್ ಸರ್ಕಸ್ಸಿನವರನ್ನೂ ಅತ್ತೆ ನೆನೆಸಿಕೊಂಡರು. ಆಟ ನೋಡಿದ್ದಕ್ಕೆ ಜೋಳ ಕೊಡುತ್ತಿದ್ದರಂತೆ.

ಬೆಂಗಳೂರಿನಲ್ಲಿ ಭಾನುವಾರ ನಂದಿಬೆಟ್ಟ ಹತ್ತುವ ನನ್ನ ಗೆಳೆಯರಿಗೆ ಸೈಕಲ್ಲೆಂದರೆ ಹೊಟ್ಟೆ ಕರಗಿಸುವ ಸಾಧನ. ಅವರ ಬಗ್ಗೆ ನನಗೆ ಕುಹಕವಿಲ್ಲ. ನಾಲ್ಕು ಗಂಟೆಗೆ ಏಳುವ ಛಲವಂತೂ ನನಗಿಲ್ಲ. ಆದರೆ ಅವರ ಕಾರ್ಬನ್ ಸೈಕಲ್ಲಿಗೂ ಈ ಹುಡುಗಿಯರದಕ್ಕೂ ಬೆಲೆ ಒಂದೇ ಇರಬಹುದು, ಅದನ್ನು ಕೊಳ್ಳುವ ಬಗೆ ಬೇರೆ. ಕೊರ್ತಿ ಹತ್ತಿರ ಚಹಾದಂಗಡಿಯಲ್ಲಿ ಆ ಸಾಲಿನವರೂ ನಿಂತಿದ್ದರು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಟೈರು, ಒತ್ತಿದರೆ ಕಲ್ಲು. ಸ್ಪರ್ಧೆಯ ಸೈಕಲ್ 6.8 ಕಿಲೊಗಿಂತ ಹಗುರ ಇರಕೂಡದೆಂದು ಅಂತರರಾಷ್ಟ್ರೀಯ ನಿಯಮವಿದೆ. ಅಂಗಡಿಯವನ ಹಾಲಿನ ಕ್ಯಾನು ನೇತುಹಾಕಿದ್ದ ಕರಿ ಸೈಕಲ್ ಬರಿದೇ ಇಪ್ಪತ್ತು ಕಿಲೊ ತೂಗೀತು. ಮಗಳು ಕೇಳದೆಯೇ ಒಬ್ಬ ಹುಡುಗಿ ತನ್ನದನ್ನು ಅವಳ ಕೈಗೆ ಕೊಟ್ಟು ‘ಎತ್ತಿ ನೋಡು’ ಅಂದಳು. ಇವಳು ಒಂದೇ ಕೈಯಲ್ಲಿ ಎತ್ತಿಬಿಟ್ಟಳು. ಎಷ್ಟು ರೂಪಾಯಿ ಎಂದು ನಾನು ಕೇಳಿದೆ. ಲಕ್ಷಗಳ ಲೆಕ್ಕ ಹೇಳಿ, ‘ಅಪ್ಪ ಎಮ್ಮಿ ಮಾರ್‍ಯಾನ್ರಿ, ಉಳಿದದ್ದು ಸೊಸೈಟಿ ಸಾಲ’ ಎಂದು ಚಹಾ ಊದಿದಳು.

ಇಷ್ಟಾಗಿ ಇವರ ಅಭ್ಯಾಸವೆಲ್ಲ ಲಾರಿ ಓಡುವ ಹೆದ್ದಾರಿಯಲ್ಲೇ. ಟ್ರ್ಯಾಕ್ ಸೈಕ್ಲಿಂಗ್‌ಗೆ ಬೇಕಾದ ವೆಲೊಡ್ರೋಮ್ ಅಂದರೆ 250 ಮೀಟರಿನ, ತಿರುವಿನಲ್ಲಿ ಗೋಡೆಯಂತೆ ಏಳುವ ಪಥ. ಅಲ್ಲಿ ಓಡಿಸುವ ಸೈಕಲ್ಲಿಗೆ ಬ್ರೇಕೂ ಇರುವುದಿಲ್ಲ. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ್ದು ಅಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಅಷ್ಟು ವರ್ಷಗಳಲ್ಲಿ ಎಷ್ಟೋ ಹುಡುಗರು ರಸ್ತೆಯಲ್ಲೇ ಕಲಿತು, ಗೆದ್ದು, ನೌಕರಿಗೂ ಸೇರಿಬಿಟ್ಟರು.

ಚಹಾ ಮುಗಿಸಿ ಅವರು ಮೊದಲು ಹೊರಟರು, ನಾವು ಹಿಂದೆ. ಎದುರಿಗೆ ಕೃಷ್ಣೆಯ ಹಿನ್ನೀರಿನ ಮೇಲಿನ ಕೊರ್ತಿ–ಕೊಲ್ಹಾರ ಸೇತುವೆ, ಹತ್ತಿರ ಹತ್ತಿರ 3 ಕಿಲೊಮೀಟರ್. ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಮೇಲಾಗಿ ನೀರ ಮೇಲಿಂದ ಅಡ್ಡಗಾಳಿ. ಸಾಲು ಒಂದಿಷ್ಟು ವಾಲಿಕೊಂಡೇ ಸಾಗಿತು. ಹೆಂಡತಿ ಓವರ್‌ಟೇಕ್ ಮಾಡದೆ ಕೆಂಪು ದೀಪ ಮಿನುಗಿಸುತ್ತಿದ್ದ ಕೋಚ್ ಬೈಕಿನ ಹಿಂದೆ ಅದೇ ವೇಗದಲ್ಲಿ ಉಳಿದಳು. ನಮ್ಮ ಬೆನ್ನಿಗೆ ಕಬ್ಬಿನ ಲಾರಿ, ಅದರ ಹಿಂದೆ ಬಸ್ಸು, ಮತ್ತೆರಡು ಕಾರು; ಹಾರನ್ ಮೇಲೆ ಹಾರನ್. ಅವಳ ಕೈ ಇಂಡಿಕೇಟರ್ ಕಡೆ ಹೋದದ್ದೇ ತಡ, ಹಿಂದಿನ ಸೀಟಿನಿಂದ ಅತ್ತೆ ಗದರಿದರು: ‘ಹೊಡಕೋಲಿ ಬಿಡು ಹಾರನ್ನ. ಅಂವಗೇನು ಕಬ್ಬು ಬತ್ತಿ ಹೋಗ್ತದೇನು?’